ಕುದುರೆಯ ಹುಳುಕಡ್ಡಿಗೆ ವೇಸ್ಟ್ ಎಂಜಿನ್ ಆಯಿಲ್ ಮದ್ದೇ?

"ಕುದುರೆಗೆ ಹುಳುಕಡ್ಡಿ ಆಗಿದೆಯಾ? ಗ್ಯಾರೇಜಿನಿಂದ ವೇಸ್ಟ್ ಎಂಜಿನ್ ಆಯಿಲ್ ತಂದು ಹಚ್ಚಿ, ಚರ್ಮದೊಳಗಿನ ಹುಳು ಸಾಯುತ್ತೆ." ಈ ಥರದ ಸಲಹೆ ನಿಮ್ಮ ಗ್ರೂಪಿಗೂ ಬಂದಿರಬಹುದು. ಕರುವಿಗೆ, ನಾಯಿಗೆ ಅಂತಲೂ ಇದೇ ಮದ್ದು ಹೆಸರು ಬದಲಿಸಿಕೊಂಡು ಓಡಾಡುತ್ತದೆ.

ಮೊದಲನೆಯದಾಗಿ, ಅಲ್ಲಿ ಹುಳುವೇ ಇಲ್ಲ. ಹುಳುಕಡ್ಡಿ ಅಥವಾ ಗಜಕರ್ಣ ಎನ್ನುವುದು ಶಿಲೀಂಧ್ರದ ಸೋಂಕು. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೋಫೈಟಾನ್ ಈಕ್ವಿನಮ್ ಎಂಬ ಶಿಲೀಂಧ್ರ. ಅದು ಕೂದಲು ಮತ್ತು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ತಿಂದು ಬದುಕುತ್ತದೆ. ಕೂದಲು ಮುರಿದು ದುಂಡಗೆ ಬೋಳಾಗುವುದು ಇದಕ್ಕೇ.

ಹಾಗಾದರೆ "ನಮ್ಮ ಕುದುರೆಗೆ ಆಯಿಲ್‌ನಿಂದಲೇ ವಾಸಿಯಾಯ್ತು" ಎನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಆರೋಗ್ಯವಂತ ಕುದುರೆಯಲ್ಲಿ ಈ ಸೋಂಕು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಏನು ಹಚ್ಚಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಆದರೆ ಬಳಸಿದ ಎಂಜಿನ್ ಆಯಿಲ್‌ನಲ್ಲಿ ಸೀಸದಂಥ ಲೋಹಗಳಿರಬಹುದು, ಅದು ಚರ್ಮವನ್ನು ಸುಡುತ್ತದೆ, ಕುದುರೆ ಅದನ್ನು ನೆಕ್ಕಲೂಬಹುದು. ಅಷ್ಟರಲ್ಲಿ ಪಕ್ಕದ ಕುದುರೆಗಳಿಗೂ ಸೋಂಕು ದಾಟಿರುತ್ತದೆ.

ಇನ್ನೊಂದು ತೊಡಕಿದೆ. ಬೋಳು ಮಚ್ಚೆಯೆಲ್ಲ ಹುಳುಕಡ್ಡಿಯಲ್ಲ. ಮಳೆಗಾಲದಲ್ಲಿ ಬೆನ್ನು, ಪೃಷ್ಠದ ಮೇಲೆ ಹಕ್ಕಳೆ ಕಟ್ಟಿ, ಕಿತ್ತರೆ ಕೂದಲು ಪೇಂಟ್ ಬ್ರಷ್ಷಿನಂತೆ ಗೊಂಚಲಾಗಿ ಬಂದರೆ ಅದು ಡರ್ಮಟೋಫೈಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸವಿರಬಹುದು. ಅದಕ್ಕೆ ಶಿಲೀಂಧ್ರದ ಔಷಧಿ ನಾಟುವುದಿಲ್ಲ. ಹುಳುಕಡ್ಡಿ ಹೆಚ್ಚಾಗಿ ಶುರುವಾಗುವುದು ಜೀನು, ಅದರ ಪಟ್ಟಿ ಉಜ್ಜುವ ಜಾಗದಲ್ಲಿ, ಮುಖ ಮತ್ತು ಕತ್ತಿನ ಮೇಲೆ. ಬರೀ ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳುವುದು ಪಶುವೈದ್ಯರಿಗೂ ಕಷ್ಟ. ಅವರು ಮಚ್ಚೆಯ ಅಂಚಿನಿಂದ ಕೂದಲು, ಹೊಟ್ಟು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡಲು ಎರಡು ಮೂರು ವಾರವೂ ಹಿಡಿಯಬಹುದು. ಮೊದಲೇ ಆಯಿಲ್ ಬಳಿದಿದ್ದರೆ ಈ ಪರೀಕ್ಷೆಯೂ ಕೆಡುತ್ತದೆ.

ಚಿಕಿತ್ಸೆ ಅಂದರೆ ಮುಖ್ಯವಾಗಿ ಸ್ನಾನ. ಮೈಕೊನಜೋಲ್, ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂವಿನಂಥವನ್ನು ವೈದ್ಯರು ಹೇಳಿದ ಅಳತೆಯಲ್ಲಿ ಇಡೀ ಮೈಗೆ ಹಚ್ಚಿ, ಸುಮಾರು ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಮಚ್ಚೆಗಷ್ಟೇ ಹಚ್ಚಿದರೆ ಸಾಲದು, ಕಣ್ಣಿಗೆ ಕಾಣದ ಬೀಜಕಣಗಳು ಸುತ್ತಲೂ ಇರುತ್ತವೆ. ನನಗನಿಸುವಂತೆ ಜನ ಸೋಲುವುದು ಔಷಧಿಯಲ್ಲಲ್ಲ, ಬ್ರಷ್ಷಿನಲ್ಲಿ! ಬ್ರಷ್, ಜೀನು, ಹೊದಿಕೆ, ಲಾಯದ ಮರದ ಮೇಲೆ ಈ ಬೀಜಕಣಗಳು ತಿಂಗಳುಗಟ್ಟಲೆ ಬದುಕುತ್ತವೆ. ಮದುವೆ ಮೆರವಣಿಗೆಗೋ ಟಾಂಗಾಗೋ ಒಂದೇ ಜೀನು, ಒಂದೇ ಬ್ರಷ್ ಹಲವು ಕುದುರೆಗಳಿಗೆ ಬಳಸುವಲ್ಲಿ ಸ್ನಾನ ಮಾಡಿಸಿದ್ದೆಲ್ಲ ವ್ಯರ್ಥವಾಗುತ್ತದೆ. ವಾಸಿಯಾಗುವವರೆಗೆ ಆ ಕುದುರೆಯದು ಬೇರೆ ಸಾಮಾನು, ಬೇರೆ ಜಾಗ.

ಇದು ಮನುಷ್ಯರಿಗೂ ಅಂಟುತ್ತದೆ. ಮುಟ್ಟುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನಿಮ್ಮ ಕೈ ಮೇಲೆ ಮಚ್ಚೆ ಬಂದರೆ ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಬೆರೆಸಿದ ಕ್ರೀಮು ಬೇಡ. ತುರಿಕೆ ಎರಡು ದಿನದಲ್ಲಿ ಇಳಿಯುತ್ತದೆ, ಸೋಂಕು ಮಾತ್ರ ಒಳಗೊಳಗೇ ಹರಡುತ್ತದೆ.

ಕಾಲಿನ ಉದ್ದಕ್ಕೆ ಮಣಿಸರದಂತೆ ಗಂಟುಗಳೆದ್ದು, ಒಡೆದು ಜೇನಿನಂಥ ಅಂಟು ಕೀವು ಸುರಿಯುತ್ತಿದ್ದರೆ ಮಾತ್ರ ವಿಷಯವೇ ಬೇರೆ. ಅದು ಗ್ಲ್ಯಾಂಡರ್ಸ್ ಇರಬಹುದು. ಬರ್ಖೋಲ್ಡೇರಿಯಾ ಮ್ಯಾಲಿಯೈ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಮನುಷ್ಯರ ಪ್ರಾಣಕ್ಕೂ ಅಪಾಯ. 2009ರ ಕೇಂದ್ರ ಕಾಯ್ದೆಯಡಿ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ರಕ್ತಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ದಯಾಮರಣವೇ. ಮಾಲೀಕರಿಗೆ ಪರಿಹಾರ ಸಿಗುತ್ತದೆ. ಆ ಭಯಕ್ಕೇ ಮುಚ್ಚಿಡುವವರಿದ್ದಾರೆ, ಆದರೆ ಆ ಲಾಯದಲ್ಲಿ ಮಲಗುವವರು ಅವರದೇ ಮನೆಯವರು. ಗಂಟನ್ನು ಹಿಸುಕಬೇಡಿ, ಕುದುರೆಯನ್ನು ಬೇರೆ ಕಟ್ಟಿ, ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ.