ಟೈರಿನೊಳಗೆ ಮಣಿ ಸುರಿದರೆ ಗಾಲಿ ನಡುಗೋದು ನಿಲ್ಲುತ್ತಾ?

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸದಲಗಾ ಸುತ್ತಲಿನ ರಸ್ತೆಗಳು ಕಬ್ಬಿನ ಗಾಡಿಗಳದ್ದೇ. ದೂಧಗಂಗಾ ದಂಡೆಯ ಎರೆ ಹೊಲದಲ್ಲಿ ಲೋಡ್ ಆಗಿ, ಗಾಲಿಗೆ ಅಂಟಿದ ಮಣ್ಣಿನ ಸಮೇತ ಡಾಂಬರು ಹತ್ತಿ, ಕೆಲವು ಚಿಕ್ಕೋಡಿ ಕಡೆಗೆ, ಕೆಲವು ಗಡಿ ದಾಟಿ ಮಹಾರಾಷ್ಟ್ರದ ಕಾರ್ಖಾನೆಗಳ ಕಡೆಗೆ ಹೋಗುತ್ತವೆ. ಆ ಭಾಗದಿಂದ ಬಂದ ನಮ್ಮ ಬಳಗದ ಗೆಳೆಯನೊಬ್ಬನ ಮನೆಯಲ್ಲಿ ಒಂದು ಟ್ರಕ್ ಇದೆ, ದೊಡ್ಡ ಆಫ್-ರೋಡ್ ಟೈರು ಹಾಕಿಸಿದ ಜೀಪೂ ಇದೆ. ಎರಡರದ್ದೂ ಮುಂದಿನ ಗಾಲಿ ನಡುಗುತ್ತೆ, ಸ್ಟೇರಿಂಗ್ ಹಿಡಿದ ಕೈ ಸಂಜೆ ಹೊತ್ತಿಗೆ ಜುಮ್ಮೆನ್ನುತ್ತೆ. "ಟೈರಿನೊಳಗ ಮಣಿ ಸುರುವಿದ್ರ ತಾನ ಬ್ಯಾಲೆನ್ಸ್ ಆಗ್ತೈತಂತ, ಖರೇ ಏನ್ರೋ?" ಅಂತ ಅವನು ಗ್ರೂಪಿನಲ್ಲಿ ಕೇಳಿದ. ಮನೆಯವರು ದುಡ್ಡು ಹಾಕುವ ಮುಂಚೆ ಅವನಿಗೆ ಉತ್ತರ ಬೇಕಿತ್ತು.

ನಾವು ಕೂತು ಲೆಕ್ಕ ಹಾಕಿದೆವು. ಜೀಪಿಗೆ ಹೌದು, ಟ್ರಕ್ಕಿಗೆ ಇಲ್ಲ ಅಂತ ಬಂತು. ಅದೇ ಮಣಿ, ಅದೇ ರಸ್ತೆ, ಆದರೂ ಉತ್ತರ ಬೇರೆ. ಯಾಕೆ ಅನ್ನೋದನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ. ಮೂರನೇ ಸೆಮಿಸ್ಟರ್ ದಾಟಿದವರಿಗೆ ಇದರಲ್ಲಿ ಹೊಸ ಸೂತ್ರ ಒಂದೂ ಇಲ್ಲ.

ಮೊದಲು ನಡುಕ ಎಲ್ಲಿಂದ ಬರುತ್ತೆ ನೋಡೋಣ. ಯಾವ ಟೈರೂ ಸುತ್ತಲೂ ಒಂದೇ ತೂಕ ಇರಲ್ಲ. ಒಂದು ಕಡೆ ರಬ್ಬರ್ ದಪ್ಪ, ಇನ್ನೊಂದು ಕಡೆ ತೆಳು. ರೀಟ್ರೆಡ್ ಮಾಡಿಸಿದ್ದರಂತೂ ಕೇಳಲೇಬೇಡಿ. ಭಾರದ ಆ ಜಾಗ ತಿರುಗುವಾಗ ಆಕ್ಸಲನ್ನು ತನ್ನ ಕಡೆ ಎಳೆಯುತ್ತೆ. ಎಳೆತ ಎಷ್ಟು? ನಮಗೆಲ್ಲ ಬಾಯಿಪಾಠವಾದ ಎಂ ಒಮೆಗಾ ಸ್ಕ್ವೇರ್ ಆರ್. 20 ಇಂಚಿನ ರಿಮ್ಮಿನ ಸಾಮಾನ್ಯ ಟ್ರಕ್ ಟೈರಿನ ತ್ರಿಜ್ಯ ಸುಮಾರು 0.52 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 5 ಸುತ್ತು ತಿರುಗುತ್ತೆ. ಈಗ ರಿಮ್ಮಿನ ಒಳಬದಿಯಲ್ಲಿ, ಕೇಂದ್ರದಿಂದ 25 ಸೆಂ.ಮೀ. ದೂರದಲ್ಲಿ, 1 ಕಿಲೋ ಎರೆ ಮಣ್ಣು ಒಂದೇ ಕಡೆ ಒಣಗಿ ಕೂತಿದೆ ಅಂದುಕೊಳ್ಳಿ. ಅದರ ಎಳೆತ ಸುಮಾರು 257 ನ್ಯೂಟನ್, ಅಂದರೆ 26 ಕಿಲೋ ತೂಕದಷ್ಟು. ಸೆಕೆಂಡಿಗೆ ಐದು ಸಲ ಮೇಲೆ, ಐದು ಸಲ ಕೆಳಗೆ. ವೇಗ ಅರ್ಧಕ್ಕೆ ಇಳಿಸಿದರೆ ಎಳೆತ ಕಾಲು ಭಾಗಕ್ಕೆ, ಆರೂವರೆ ಕಿಲೋಗೆ ಇಳಿಯುತ್ತೆ. ಹೊಲದ ದಾರಿಯಲ್ಲಿ ಗೊತ್ತೇ ಆಗದ ನಡುಕ ನಿಪ್ಪಾಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 48 ಸೇರಿದ ಕೂಡಲೇ ಎದ್ದು ಕೂರೋದು ಇದಕ್ಕೇ.

ಹಾಗಾಗಿ ಮಣಿಗೆ ದುಡ್ಡು ಕೊಡುವ ಮುಂಚೆ ಒಂದು ಕಬ್ಬಿಣದ ಸಲಾಕೆ ತಗೊಂಡು ರಿಮ್ಮಿನ ಒಳಗಿನ ಮಣ್ಣು ಕೆಡವಿ. ಎಷ್ಟೋ ಗಾಡಿಗಳ ಕಾಯಿಲೆ ಅಲ್ಲಿಗೇ ವಾಸಿ. ಇದು ತಮಾಷೆಗೆ ಹೇಳಿದ ಮಾತಲ್ಲ.

ಮಣ್ಣು ಕೆಡವಿದ ಮೇಲೂ ನಡುಗಿದರೆ ಆಗ ಬ್ಯಾಲೆನ್ಸಿಂಗ್ ಮಾತು. ಕಾರಿನ ಗಾಲಿಗಾದರೆ ಅಂಗಡಿಯಲ್ಲಿ ಮಷೀನಿಗೆ ಹಾಕಿ ತಿರುಗಿಸಿ, ರಿಮ್ಮಿಗೆ ಸಣ್ಣ ತೂಕ ಬಡಿದು ಕೊಡುತ್ತಾರೆ. ದೊಡ್ಡ ಟೈರಿಗೆ ಇದೇ ಕೆಲಸ ಕಷ್ಟ. ಊರ ಅಂಗಡಿಗಳ ಮಷೀನು ಹೆಚ್ಚಾಗಿ ಕಾರಿನ ಅಳತೆಯವು, ಅಷ್ಟು ದೊಡ್ಡ ಗಾಲಿ ಅದರ ಮೇಲೆ ಕೂರಲ್ಲ. ಕೂತರೂ ಇನ್ನೊಂದು ತೊಂದರೆ ಇದೆ. 37 ಇಂಚಿನ ಟೈರಿನಲ್ಲಿ ಭಾರದ ಜಾಗ ಇರೋದು ಹೊರಗೆ, ಟ್ರೆಡ್ಡಿನಲ್ಲಿ, ಕೇಂದ್ರದಿಂದ 46 ಸೆಂ.ಮೀ. ದೂರ. ತೂಕ ಬಡಿಯೋದು ಒಳಗೆ, ರಿಮ್ಮಿನ ಅಂಚಿಗೆ, 22 ಸೆಂ.ಮೀ. ದೂರ. ತಕ್ಕಡಿಯ ಲೆಕ್ಕ ಹಾಕಿ: ಟ್ರೆಡ್ಡಿನ 150 ಗ್ರಾಂ ಸರಿದೂಗಿಸಲು ರಿಮ್ಮಿಗೆ 300 ಗ್ರಾಂ ಮೀರಿ ಬಡಿಯಬೇಕು. ಅಷ್ಟುದ್ದದ ತೂಕದ ಸಾಲು ಮೊದಲ ಕಲ್ಲಿಗೋ ಕೆಸರಿಗೋ ಕಿತ್ತು ಬೀಳುತ್ತೆ. ಬಿದ್ದಿದ್ದು ಗೊತ್ತಾಗೋದು ಮತ್ತೆ ನಡುಗಿದಾಗಲೇ.

ಇದಕ್ಕೇ ಹೊರಟಿದ್ದು ಸಡಿಲ ವಸ್ತುವಿನ ಉಪಾಯ. ಟೈರಿನೊಳಗೆ ಒಂದಷ್ಟು ಸಣ್ಣ ಮಣಿ ಸುರಿದುಬಿಡೋದು. ಕೌಂಟರ್‌ಆಕ್ಟ್ ಅನ್ನೋ ಕಂಪನಿ ಗಾಜಿನ ಮಣಿ ಮಾರುತ್ತೆ, ಈಕ್ವಲ್ ಅನ್ನೋದು ಪಾಲಿಮರ್ ಪುಡಿ, ಸೆರಾಮಿಕ್ ಮಣಿಗಳೂ ಇವೆ. ಟ್ರಕ್ ಟೈರೊಂದಕ್ಕೆ ಸುಮಾರು 300 ಗ್ರಾಂ ಆಸುಪಾಸು. ಹೊರದೇಶದ ಆಫ್-ರೋಡ್ ಹುಚ್ಚರು ಆಟಿಕೆ ಬಂದೂಕಿನ ಪ್ಲಾಸ್ಟಿಕ್ ಗುಂಡು ಹಾಕಿದ್ದುಂಟು, ಗಾಲ್ಫ್ ಚೆಂಡು ಹಾಕಿದ್ದೂ ಉಂಟು. ಮಣಿ ಟ್ರೆಡ್ಡಿನ ಒಳಮೈಗೇ ಒತ್ತಿಕೊಂಡು ಕೂರುತ್ತೆ, ಅಂದರೆ ಭಾರದ ಜಾಗದಷ್ಟೇ ದೂರದಲ್ಲಿ. ಹಾಗಾಗಿ ಕಡಿಮೆ ತೂಕ ಸಾಕು. ಕಲ್ಲಿಗೆ ತಾಗಿ ಬೀಳುವ ಪ್ರಶ್ನೆಯೂ ಇಲ್ಲ.

ಅದು ಒಳಮೈಗೆ ಅಂಟಿ ಸುತ್ತಲು ಎಷ್ಟು ವೇಗ ಬೇಕು? ಒಮೆಗಾ ಸ್ಕ್ವೇರ್ ಆರ್ ಗುರುತ್ವವನ್ನು ಮೀರಬೇಕು, ಅಷ್ಟೇ. ಟ್ರಕ್ ಟೈರಿಗೆ ಗಂಟೆಗೆ 8 ಕಿ.ಮೀ. ದಾಟಿದರೆ ಸಾಕು. ಅದಕ್ಕಿಂತ ನಿಧಾನಕ್ಕೆ ಹೋದರೆ ಮಣಿ ಕೆಳಗೇ ಉರುಳಾಡುತ್ತಿರುತ್ತೆ, ಗಾಡಿ ನಿಲ್ಲಿಸುವಾಗ ಜಲಜಲ ಸದ್ದೂ ಕೇಳಬಹುದು.

ಅಂಟಿಕೊಂಡಿತು, ಸರಿ. ಆದರೆ ಯಾವ ಕಡೆ ಹಗುರ ಅಂತ ಮಣಿಗೆ ಹೇಗೆ ಗೊತ್ತಾಗುತ್ತೆ? "ಸೆಂಟ್ರಿಫ್ಯೂಗಲ್ ಫೋರ್ಸಿನಿಂದ ಹಗುರ ಕಡೆಗೆ ಹೋಗುತ್ತೆ" ಅಂತ ಹೇಳಿ ಮುಗಿಸುವವರೇ ಹೆಚ್ಚು. ಆ ಉತ್ತರ ಸಾಲದು. ಗಾಲಿಯ ಅಚ್ಚು ಅಲ್ಲಾಡದೆ ಗಟ್ಟಿಯಾಗಿ ನಿಂತಿದ್ದರೆ ಒಳಮೈಯ ಎಲ್ಲ ಜಾಗವೂ ಕೇಂದ್ರದಿಂದ ಅಷ್ಟೇ ದೂರ, ಮಣಿಗೆ ಯಾವ ಕಡೆ ಹೋಗಲೂ ಕಾರಣವೇ ಇಲ್ಲ. ಮಣಿ ಕೆಲಸ ಮಾಡೋದು ಅಚ್ಚು ಅಲ್ಲಾಡುತ್ತೆ ಅನ್ನುವ ಕಾರಣಕ್ಕೇ.

ಒಂದು ಸಣ್ಣ ಪ್ರಯೋಗ ಮಾಡಿ. ಹಾಸ್ಟೆಲ್ ರೂಮಿನ ಬೀಗವನ್ನು ಉದ್ದ ರಬ್ಬರ್ ಬ್ಯಾಂಡಿಗೆ ಕಟ್ಟಿ ತೂಗಿ ಹಿಡಿಯಿರಿ. ಕೈ ನಿಧಾನವಾಗಿ ಮೇಲೆ-ಕೆಳಗೆ ಆಡಿಸಿ. ಕೈ ಮೇಲೆ ಹೋದಾಗ ಬೀಗವೂ ಮೇಲೆ, ಕೆಳಗೆ ಬಂದಾಗ ಬೀಗವೂ ಕೆಳಗೆ. ಈಗ ವೇಗ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ಬೀಗ ಹುಚ್ಚೆದ್ದು ಕುಣಿಯುತ್ತೆ. ಅದೇ ರೆಸೊನೆನ್ಸ್. ಅದನ್ನೂ ದಾಟಿ ಬೇಗ ಬೇಗ ಆಡಿಸಿದರೆ ಕೈ ಮೇಲೆ ಹೋದಾಗ ಬೀಗ ಕೆಳಗೆ ಬರುತ್ತೆ, ಪೂರ್ತಿ ಉಲ್ಟಾ.

ಆಕ್ಸಲಿನದೂ ಇದೇ ಕಥೆ. ಅದು ಮೇಲೆ ಸ್ಪ್ರಿಂಗು, ಕೆಳಗೆ ಟೈರು, ಎರಡರ ನಡುವೆ ಕೂತ ಭಾರ. ಗಾಲಿ ನಿಧಾನವಾಗಿ ತಿರುಗುವಾಗ ಭಾರದ ಜಾಗ ಮೇಲಿದ್ದರೆ ಆಕ್ಸಲೂ ಮೇಲೆ ಸರಿದಿರುತ್ತೆ. ಆಗ ನಿಜವಾದ ಸುತ್ತಿನ ಕೇಂದ್ರದಿಂದ ಅತಿ ದೂರ ಇರೋದು ಭಾರದ ಕಡೆಯೇ. ಸಡಿಲ ಮಣಿ ಯಾವಾಗಲೂ ಅತಿ ದೂರದ ಜಾಗಕ್ಕೆ ಓಡುತ್ತೆ. ಅಂದರೆ ಭಾರದ ಮೇಲೆ ಇನ್ನಷ್ಟು ಭಾರ, ನಡುಕ ಹೆಚ್ಚು! ರೆಸೊನೆನ್ಸ್ ದಾಟಿದ ಮೇಲೆ ಎಲ್ಲ ಉಲ್ಟಾ. ಭಾರದ ಜಾಗ ಮೇಲಿದ್ದಾಗ ಆಕ್ಸಲ್ ಕೆಳಗೆ, ಅತಿ ದೂರ ಇರೋದು ಹಗುರ ಕಡೆ, ಮಣಿ ಅಲ್ಲಿ ಹೋಗಿ ಸೇರುತ್ತೆ. ಸಮತೋಲ ಬಂದ ಕೂಡಲೇ ಆಕ್ಸಲ್ ಅಲ್ಲಾಡೋದು ನಿಲ್ಲುತ್ತೆ, ಮಣಿಗೆ ಓಡಾಡುವ ಕಾರಣವೂ ತಪ್ಪುತ್ತೆ. ಉಳಿದ ಮಣಿ ಸುತ್ತಲೂ ಹರಡಿಕೊಳ್ಳುತ್ತೆ.

ಈ ಉಪಾಯ ಹೊಸದೇನಲ್ಲ. ಗುಂಡಿಗಳನ್ನು ಸಡಿಲ ಬಿಟ್ಟು ತಿರುಗುವ ಯಂತ್ರವನ್ನು ಸಮತೋಲಕ್ಕೆ ತರುವ ವಿಧಾನವನ್ನು ಥಿಯರ್ಲ್ ಎಂಬ ಅಮೆರಿಕದ ಎಂಜಿನಿಯರ್ 1932ರಲ್ಲೇ ಬರೆದಿಟ್ಟಿದ್ದಾನೆ. ನೀವೇ ಇದನ್ನು ನೋಡಿದ್ದೀರಿ ಕೂಡ. ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿನ ಡ್ರಮ್ಮನ್ನು ಕೈಯಿಂದ ತಿರುಗಿಸಿದರೆ ಅಂಚಿನ ಬಳೆಯೊಳಗೆ ನೀರು ಕುಲುಕಾಡಿದ ಸದ್ದು ಬರುತ್ತಲ್ಲ, ಅದು ಉಪ್ಪುನೀರು. ಸ್ಪಿನ್ ಶುರುವಾದಾಗ ಮಷೀನು ಧಡಧಡ ಕುಣಿದು, ವೇಗ ಏರಿದ ಮೇಲೆ ತಣ್ಣಗಾಗುತ್ತೆ. ಆ ಕುಣಿತವೇ ರೆಸೊನೆನ್ಸ್ ದಾಟುವ ಕ್ಷಣ.

ಹಾಗಾದರೆ ನಮ್ಮ ಪ್ರಶ್ನೆ ಇಷ್ಟೇ: ಗಾಡಿ ಓಡುವ ವೇಗ ಅದರ ಆಕ್ಸಲಿನ ರೆಸೊನೆನ್ಸಿಗಿಂತ ಮೇಲೋ ಕೆಳಗೋ? ಲೆಕ್ಕಕ್ಕೆ ತೆಗೆದುಕೊಂಡ ಅಂಕಿಗಳು ಆಯಾ ಬಗೆಯ ಗಾಡಿಗೆ ಒಪ್ಪುವ ಅಂದಾಜುಗಳು. ನಿಮ್ಮ ಗಾಡಿಯದ್ದು ಸಿಕ್ಕರೆ ಅದನ್ನೇ ಹಾಕಿ ನೋಡಿ.

ಜೀಪು ಮೊದಲು. 37 ಇಂಚಿನ ಟೈರು, ಗಾಳಿ ಕಡಿಮೆ, ಹಾಗಾಗಿ ಮೆತ್ತಗೆ. ಟೈರು ಮತ್ತು ಸ್ಪ್ರಿಂಗ್ ಎರಡೂ ಸೇರಿ ಬಿಗಿತ ಮೀಟರಿಗೆ 1,75,000 ನ್ಯೂಟನ್. ಒಂದು ಬದಿಯಲ್ಲಿ ಸ್ಪ್ರಿಂಗಿನ ಕೆಳಗಿರುವ ತೂಕ, ಅಂದರೆ ಗಾಲಿ ಮತ್ತು ಅರ್ಧ ಆಕ್ಸಲ್, 110 ಕಿಲೋ. ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ 6.3 ಸಲ. ಗಾಲಿ ಅಷ್ಟು ಸುತ್ತು ತಿರುಗೋದು ಗಂಟೆಗೆ 68 ಕಿ.ಮೀ. ಹತ್ತಿರ. ಹೆದ್ದಾರಿಯಲ್ಲಿ 80ರಲ್ಲಿ ಹೋಗುವ ಜೀಪು ರೆಸೊನೆನ್ಸ್ ದಾಟಿರುತ್ತೆ, ಮಣಿ ಸರಿಯಾದ ಕಡೆ ಕೂರುತ್ತೆ. ಮಣಿ ಹಾಕಿಸಿದ ದೊಡ್ಡ ಟೈರಿನವರು "ಅರವತ್ತರಿಂದ ಎಪ್ಪತ್ತರವರೆಗೆ ಒರಟು, ಆಮೇಲೆ ಬೆಣ್ಣೆ" ಅನ್ನೋ ಅರ್ಥದ ಮಾತು ಹೇಳುವುದು ಈ ಲೆಕ್ಕಕ್ಕೆ ಹೊಂದುತ್ತೆ.

ಈಗ ಟ್ರಕ್. ಗಾಳಿ ಗಟ್ಟಿ, ಪಟ್ಟಿ ಸ್ಪ್ರಿಂಗು ಗಟ್ಟಿ. ಬಿಗಿತ ಮೀಟರಿಗೆ 10,50,000 ನ್ಯೂಟನ್, ಒಂದು ಬದಿಯ ತೂಕ 300 ಕಿಲೋ. ಸೆಕೆಂಡಿಗೆ 9.4 ಸಲ. ಗಾಲಿ ಆ ವೇಗ ಮುಟ್ಟಬೇಕಾದರೆ ಗಾಡಿ ಗಂಟೆಗೆ 111 ಕಿ.ಮೀ. ಓಡಬೇಕು. ಕಬ್ಬು ತುಂಬಿದ ಗಾಡಿ ಹಾಗೆ ಓಡಿದರೆ ಬ್ಯಾಲೆನ್ಸಿಂಗಿಗಿಂತ ದೊಡ್ಡ ಚಿಂತೆಗಳಿರುತ್ತವೆ. 60ರಲ್ಲಿ ಹೋಗುವ ಟ್ರಕ್ಕಿನಲ್ಲಿ, ಈ ಸರಳ ಮಾದರಿಯ ಪ್ರಕಾರ, ಮಣಿ ಭಾರದ ಕಡೆಗೇ ವಾಲುತ್ತೆ. ಮಾರುವವರು ಟ್ರಕ್ಕಿಗೂ ಆಗುತ್ತೆ ಅನ್ನುತ್ತಾರೆ, ಹಾಕಿಸಿಕೊಂಡು ಖುಷಿಯಾದ ಚಾಲಕರೂ ಇದ್ದಾರೆ. ನಿಜವಾದ ಟೈರು ಪ್ರತಿ ಸುತ್ತಿಗೂ ನೆಲಕ್ಕೆ ಒತ್ತಿ ಮಣಿಯನ್ನು ಕದಲಿಸುತ್ತೆ, ನಮ್ಮ ಮಾದರಿಯಲ್ಲಿ ಅದಿಲ್ಲ. ಆದರೂ ನಮ್ಮ ಮನೆಯ ದುಡ್ಡಾಗಿದ್ದರೆ ಟ್ರಕ್ ಗಾಲಿಯನ್ನು ದೊಡ್ಡ ಮಷೀನಿರುವ ಅಂಗಡಿಗೇ ಒಯ್ಯುತ್ತಿದ್ದೆವು.

ಕಬ್ಬಿನ ಟ್ರಾಲಿ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುತ್ತಾರಲ್ಲ, ಅದೂ ಬ್ಯಾಲೆನ್ಸಿಗಾ ಅಂತ ಕೆಲವರು ಕೇಳಿದರು. ಅಲ್ಲ. ವಾಲ್ವ್ ಮೇಲೆ ಮಾಡಿ ಮುಕ್ಕಾಲು ಭಾಗ ತುಂಬಿಸೋದು ಗಾಲಿ ಜಾರದೆ ನೆಲ ಹಿಡಿಯಲಿ ಅಂತ. ಅದರ ವೇಗಕ್ಕೆ ಬ್ಯಾಲೆನ್ಸಿನ ಚಿಂತೆಯೇ ಇಲ್ಲ.

ಮಣಿಯಿಂದ ಆಗದ್ದೂ ಇದೆ. ಟೈರು ದುಂಡಗೇ ಇಲ್ಲದಿದ್ದರೆ, ಅಥವಾ ಒಂದು ಕಡೆ ಗಡುಸು ಇನ್ನೊಂದು ಕಡೆ ಮೆತ್ತಗಿದ್ದರೆ, ಆ ನಡುಕ ತೂಕದ್ದಲ್ಲ. ತೂಕದ ಎಳೆತ ವೇಗದ ವರ್ಗದಂತೆ ಏರುತ್ತೆ, ಗಡಸುತನದ ಹೊಡೆತ ಹಾಗೆ ಏರಲ್ಲ. ಒಂದು ವೇಗದಲ್ಲಿ ಒಂದಕ್ಕೊಂದು ಹೊಂದಿಸಿದರೂ ಇನ್ನೊಂದು ವೇಗದಲ್ಲಿ ತಪ್ಪುತ್ತೆ. ಸವೆದ ಕಿಂಗ್‌ಪಿನ್, ಸಡಿಲ ಟೈ ರಾಡ್, ಹೋದ ಬೇರಿಂಗ್ ಇವುಗಳಿಂದ ಬರುವ ಸ್ಟೇರಿಂಗ್ ನಡುಕಕ್ಕೂ ಮಣಿಗೂ ಸಂಬಂಧವಿಲ್ಲ. ಗಾಡಿಯನ್ನು ಜಾಕ್ ಹಚ್ಚಿ ಎತ್ತಿ, ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡೋದು ಮಣ್ಣು ಕೆಡವಿದ ನಂತರದ ಕೆಲಸ. ಇದನ್ನು ಬಿಟ್ಟು ಮಣಿ ಹಾಕಿಸಿದರೆ ಸ್ಟೇರಿಂಗಿನ ರೋಗ ಒಳಗೇ ಬೆಳೆಯುತ್ತೆ. ಅದು ಜೀವಕ್ಕೆ ಸಂಬಂಧಿಸಿದ ವಿಷಯ.

ಇಷ್ಟೆಲ್ಲ ನೋಡಿಯೂ ಜೀಪಿಗೆ ಹಾಕಿಸುವುದಾದರೆ ಟ್ಯೂಬ್‌ಲೆಸ್ ಟೈರೇ ಇರಲಿ. ಟ್ಯೂಬ್ ಇದ್ದರೆ ಟ್ಯೂಬಿಗೂ ಟೈರಿಗೂ ನಡುವೆ ಸುರಿದ ಮಣಿ ರಬ್ಬರನ್ನು ತಿನ್ನುತ್ತೆ. ದುಡ್ಡು ಉಳಿಸಲು ಹೊಳೆಯ ಮರಳು ಹಾಕೋ ಆಲೋಚನೆ ಬೇಡ, ಅದರ ಚೂಪು ಕಣ ಒಳಪದರವನ್ನು ಉಜ್ಜುತ್ತೆ. ಕಬ್ಬಿಣದ ಛರ್ರೆ ತುಕ್ಕು ಹಿಡಿಯುತ್ತೆ. ಒಳಗೆ ತೇವ ಇದ್ದರೆ ಮಣಿ ಗಂಟುಕಟ್ಟಿ ಒಂದೇ ಕಡೆ ಕೂತು ತಾನೇ ಹೊಸ ಭಾರವಾಗುತ್ತೆ. ಹಾಗಾಗಿ ಗಾಳಿ ತುಂಬಿಸುವ ಮುಂಚೆ ಕಂಪ್ರೆಸರ್ ಟ್ಯಾಂಕಿನ ಅಡಿಯ ನೀರು ಬಿಡಿಸಿ. ಮಳೆಗಾಲದಲ್ಲಂತೂ ಇದು ಮರೆಯಬೇಡಿ. ವಾಲ್ವಿಗೆ ಜಾಲರಿ ಇರುವ ಪಿನ್ ಹಾಕಿಸಿ. ಇಲ್ಲಾಂದ್ರೆ ಗಾಳಿ ಬಿಟ್ಟಾಗ ಮಣಿಯೊಂದು ಸಿಕ್ಕಿಕೊಂಡು ಸಣ್ಣಗೆ ಸೋರುತ್ತಲೇ ಇರುತ್ತೆ. ಮುಂದೆ ಪಂಚರ್ ಆದಾಗ ಅಂಗಡಿಯವರಿಗೆ ಟೈರು ಬಿಚ್ಚುವ ಮೊದಲೇ "ಒಳಗ ಮಣಿ ಅದಾವ್ರಿ" ಅಂತ ಹೇಳಿ, ಒಂದು ಡಬ್ಬಿಯೂ ಕೊಡಿ.