ಐವತ್ತರ ಮೇಲೆ ಟ್ರಯಥ್ಲಾನ್: ಹದಿನಾಲ್ಕು ನಿಮಿಷದ ಲೆಕ್ಕ

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಐವತ್ತು ದಾಟಿದವರಿಗೆಂದು ಇಡುವ ಸ್ಪರ್ಧೆಗಳು ಯಾವುವು? ಲಿಂಬೆ-ಚಮಚ ಓಟ, ಸಂಗೀತ ಕುರ್ಚಿ, ಹೆಚ್ಚೆಂದರೆ ಹಗ್ಗಜಗ್ಗಾಟ. ಬಳಿಕ ಬಹುಮಾನ ವಿತರಣೆ, ಊಟ. ನಾನೂ ಹಲವು ವರ್ಷ ಆ ಸಾಲಿನಲ್ಲಿ ನಿಂತವನೇ. ಬ್ಯಾಂಕಿನ ಕೌಂಟರಿನಲ್ಲಿ ಮೂರು ದಶಕ ಕುಳಿತ ದೇಹಕ್ಕೆ ಇಷ್ಟು ಸಾಕು ಎಂದುಕೊಂಡಿದ್ದೆ.

2022ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 7.4 ಬಂತು. "ಮಾತ್ರೆ ನಾನು ಕೊಡುತ್ತೇನೆ, ಮೈ ಬಗ್ಗಿಸುವ ಕೆಲಸ ನಿಮ್ಮದು" ಎಂದರು ವೈದ್ಯರು. ಮರುದಿನದಿಂದ ಆಂಟಾಪ್ ಹಿಲ್‌ನಿಂದ ಮಾಟುಂಗದ ಫೈವ್ ಗಾರ್ಡನ್ಸ್‌ವರೆಗೆ ನಡಿಗೆ ಶುರುವಾಯಿತು. ನಡಿಗೆ ಓಟವಾಯಿತು. ಮೊಣಕಾಲು ನೋಯತೊಡಗಿದಾಗ ವಾರಕ್ಕೆರಡು ದಿನ ಸೈಕಲ್, ಎರಡು ದಿನ ಈಜು ಸೇರಿಕೊಂಡವು. ಮೂರೂ ಒಟ್ಟಾದರೆ ಅದೇ ಟ್ರಯಥ್ಲಾನ್ ಎಂದು ತಿಳಿದದ್ದು ಆಮೇಲೆ!

ಏನಿದು ಟ್ರಯಥ್ಲಾನ್?

ಈಜು, ಸೈಕಲ್, ಓಟ ಇವು ಮೂರನ್ನೂ ಒಂದರ ಹಿಂದೊಂದು, ಗಡಿಯಾರ ನಿಲ್ಲಿಸದೆ ಮುಗಿಸುವ ಸ್ಪರ್ಧೆ ಇದು. ಆಧುನಿಕ ರೂಪದಲ್ಲಿ ಇದು ಆರಂಭವಾದದ್ದು 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನ ಸಿಕ್ಕಿತು. ಒಲಿಂಪಿಕ್ಸ್‌ನ ದೂರ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಹೊಸಬರಿಗೆ ಇದರ ಅರ್ಧದಷ್ಟರ 'ಸ್ಪ್ರಿಂಟ್' ಕೂಡ ಉಂಟು. ಗೋವಾದ ಮಿರಾಮಾರ್ ಕಡಲ ತೀರದಲ್ಲಿ 2019ರ ಅಕ್ಟೋಬರ್‌ನಲ್ಲಿ ಆರಂಭವಾದ 'ಐರನ್‌ಮ್ಯಾನ್ 70.3' ಮಾತ್ರ ಉದ್ದದ್ದು: 1.9 ಕಿ.ಮೀ. ಸಮುದ್ರ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಎಲ್ಲ ಸೇರಿ 8 ಗಂಟೆ 30 ನಿಮಿಷದೊಳಗೆ ಮುಗಿಯಬೇಕು. ಐದೈದು ವರ್ಷಕ್ಕೊಂದು ವಯೋವಿಭಾಗ ಇರುವುದರಿಂದ ನಮ್ಮಂಥವರು ಇಪ್ಪತ್ತೈದರ ಹುಡುಗರೊಂದಿಗೆ ಬಹುಮಾನಕ್ಕೆ ಹೋರಾಡಬೇಕಿಲ್ಲ. ಆದರೆ ಕಾಲಮಿತಿಗೆ ವಯಸ್ಸಿನ ರಿಯಾಯಿತಿ ಇಲ್ಲ.

ಮಳೆಗಾಲದ ತಾಲೀಮು

ಚಳಿದೇಶಗಳಲ್ಲಿ ಹಿಮ ಕರಗಿದ ಮೇಲೆ ಈ ಸ್ಪರ್ಧೆಗಳ ಋತು ಆರಂಭ. ನಮ್ಮಲ್ಲಿ ಮಳೆ ನಿಂತ ಮೇಲೆ. ಆದ್ದರಿಂದ ಋತುವಿನ ಆರಂಭದಲ್ಲೇ ಬರುವ ಗೋವಾ ಸ್ಪರ್ಧೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಮುಂಬಯಿ ನೀರಿನಲ್ಲಿ ನಿಲ್ಲುವ ತಿಂಗಳುಗಳಲ್ಲೇ ತಾಲೀಮು ಆಗಬೇಕು. ಹೊಂಡಗಳ ರಸ್ತೆಯಲ್ಲಿ ಸೈಕಲ್ ಅಪಾಯ. ಹಾಗಾಗಿ ಹಳೆಯ ಸೈಕಲಿನ ಹಿಂಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ ಮನೆಯಲ್ಲೇ ತುಳಿಯತೊಡಗಿದೆ. "ಇದೆಂಥದು ಮಾರಾಯ್ರೆ, ಮನೆಯೊಳಗೆ ಗಿರಣಿ ಇಟ್ಟದ್ದಾ?" ಎಂದು ಮನೆಯಾಕೆ ಕೇಳಿದ್ದೂ ಆಯಿತು. ಮಳೆ ಬಿಟ್ಟ ಭಾನುವಾರ ನಸುಕಿನಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಮುಲುಂಡ್ ಚೆಕ್‌ನಾಕಾಕ್ಕೆ ಹೋಗಿ ಬರುತ್ತಿದ್ದೆ.

ಈಜು ಊರಿನ ಕೆರೆಯಲ್ಲಿ ಕಲಿತದ್ದು, ತಲೆ ಮೇಲೆತ್ತಿಕೊಂಡೇ. ಶಿವಾಜಿ ಪಾರ್ಕಿನ ಮಹಾತ್ಮಾ ಗಾಂಧಿ ಈಜುಕೊಳದಲ್ಲಿ, ಮೊಮ್ಮಕ್ಕಳ ಪ್ರಾಯದ ಮಕ್ಕಳ ಪಕ್ಕದಲ್ಲಿ, ನೀರೊಳಗೆ ಉಸಿರು ಬಿಡುವುದನ್ನು ಮೊದಲಿನಿಂದ ಕಲಿತೆ.

ಪ್ರಾಯದವರಿಗೂ ನಮಗೂ ವ್ಯತ್ಯಾಸ ಮುಖ್ಯವಾಗಿ ವಿಶ್ರಾಂತಿಯಲ್ಲಿ. ಮೂವತ್ತರ ನಂತರ ವ್ಯಾಯಾಮವಿಲ್ಲದ ದೇಹ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಹತ್ತು ವರ್ಷಕ್ಕೆ ಸುಮಾರು ಹತ್ತನೇ ಒಂದಂಶ ಇಳಿಯುತ್ತದೆ. ತಾಲೀಮಿನಿಂದ ಆ ಇಳಿತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ದಣಿದ ಸ್ನಾಯು ಸುಧಾರಿಸಿಕೊಳ್ಳಲೂ ಹೆಚ್ಚು ದಿನ ಬೇಕು. ಇದನ್ನು ಮರೆತು ಆಗಸ್ಟ್‌ನಲ್ಲಿ ಸತತ ಎಂಟು ದಿನ ಓಡಿ, ಹಿಮ್ಮಡಿ ನೋವಿನಿಂದ ಹದಿನೈದು ದಿನ ಕುಂಟಿದೆ. ತಾಲೀಮಿಗೂ ಮುನ್ನ ಟ್ರೆಡ್‌ಮಿಲ್ ಮೇಲೆ ಹೃದಯದ ಪರೀಕ್ಷೆ ಮಾಡಿಸಿಕೊಂಡದ್ದೇ ನಾನು ಮಾಡಿದ ಬುದ್ಧಿವಂತ ಕೆಲಸ.

ಮಿರಾಮಾರ್ ತೀರದಲ್ಲಿ

2024ರ ಅಕ್ಟೋಬರ್ 27. ಈಜುಕೊಳದ ತಳದಲ್ಲಿ ದಾರಿ ತೋರಿಸುವ ಕಪ್ಪು ಗೆರೆ ಇರುತ್ತದೆ. ಸಮುದ್ರದಲ್ಲಿ ಅದಿಲ್ಲ. ಸುತ್ತ ಕೈಕಾಲುಗಳು, ಬಾಯಿಗೆ ಉಪ್ಪುನೀರು. ನಡುವೆ ಉಸಿರು ಕಟ್ಟಿದಂತಾಗಿ, ವಾಪಸು ಹೋಗೋಣ ಎಂಬ ಯೋಚನೆ ಬಂದದ್ದು ನಿಜ. ಕಾವಲಿಗಿದ್ದ ದೋಣಿ ಹಿಡಿದು ನಿಂತೆ. ಮುಂದಕ್ಕೆ ಎಳೆಸಿಕೊಳ್ಳದೆ ಬರೇ ಹಿಡಿದು ನಿಂತರೆ ನಿಯಮಭಂಗವಲ್ಲ. ಐದು ನಿಮಿಷದ ಬಳಿಕ ಕೈಬಿಟ್ಟು ಮುಂದುವರಿದೆ. 58 ನಿಮಿಷಕ್ಕೆ ದಡ ಸೇರಿದೆ. ಈಜಿನ ಮಿತಿ 1 ಗಂಟೆ 10 ನಿಮಿಷ.

ಸೈಕಲಿಗೆ 4 ಗಂಟೆ 5 ನಿಮಿಷ ಹಿಡಿಯಿತು. ಇಳಿದಾಗ ಮಧ್ಯಾಹ್ನದ ಬಿಸಿಲು. ಓಟದ ಹದಿನೈದನೇ ಕಿಲೋಮೀಟರಿನ ನಂತರ ಮೀನಖಂಡ ಹಿಡಿದುಕೊಂಡು, ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು. ಕೊನೆಯ ಗೆರೆ ಮುಟ್ಟಿದಾಗ 8 ಗಂಟೆ 44 ನಿಮಿಷ. ಕಾಲಮಿತಿ ಮೀರಿ ಹದಿನಾಲ್ಕು ನಿಮಿಷ. ನಿಯಮದ ಪ್ರಕಾರ ನಾನು 'ಮುಗಿಸದವನು'.

ಅದೇ ದಿನ ಅಲ್ಲೇ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. 33ರ ಯುವಕರಿಗೂ ಉಳಿದದ್ದು ಎರಡೂವರೆ ನಿಮಿಷಕ್ಕೂ ಕಡಿಮೆ ಎಂದಾಗ ನನ್ನ ಸಂಕಟ ತುಸು ಇಳಿಯಿತು.

ಲೆಕ್ಕ ತಾಳೆ

ರೈಲಿನಲ್ಲಿ ಹಿಂದಿರುಗುವಾಗ ಗುಮಾಸ್ತನ ಬುದ್ಧಿ ಬಿಡಲಿಲ್ಲ, ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ಈಜಿನಿಂದ ಸೈಕಲಿಗೆ, ಸೈಕಲಿನಿಂದ ಓಟಕ್ಕೆ ಬದಲಾಗಲು ಒಟ್ಟು 17 ನಿಮಿಷ ವ್ಯಯ. ಕಾಲು ಒರೆಸಿ, ಕಾಲುಚೀಲ ಹುಡುಕಿ, ನಿಧಾನವಾಗಿ ಬಾಳೆಹಣ್ಣು ತಿಂದದ್ದೆಲ್ಲ ಅದರಲ್ಲಿದೆ. ಅಭ್ಯಾಸವಿದ್ದರೆ ಎಂಟು ನಿಮಿಷ ಧಾರಾಳ ಸಾಕು. ಒಂಬತ್ತು ಅಲ್ಲಿ, ಐದು ದೋಣಿಯ ಬಳಿ. ಹದಿನಾಲ್ಕಕ್ಕೆ ಹದಿನಾಲ್ಕು! ವಯಸ್ಸಿನಿಂದ ಸೋತೆ ಎಂದು ಹೇಳಿಕೊಳ್ಳುವುದು ಸುಲಭವಿತ್ತು. ಲೆಕ್ಕ ಹಾಗೆ ಹೇಳಲಿಲ್ಲ. ನಾನು ಬರೇ ಈಜು, ಸೈಕಲ್, ಓಟ ಕಲಿತಿದ್ದೆ. ಬದಲಾವಣೆಯನ್ನೂ ಸಮುದ್ರವನ್ನೂ ಕಲಿತಿರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಆ ಡಿಸೆಂಬರಿನ ಪರೀಕ್ಷೆಯಲ್ಲಿ ಸಕ್ಕರೆಯ ಅಂಕಿ 6.3. ವೈದ್ಯರು ಮಾತ್ರೆ ಅರ್ಧಕ್ಕಿಳಿಸಿದರು. ಪದಕ ಸಿಗದಿದ್ದರೂ ಈ ಕಾಗದವನ್ನು ಜೋಪಾನವಾಗಿಟ್ಟಿದ್ದೇನೆ.

2018ರಲ್ಲಿ ಜಪಾನಿನ ಹಿರೋಮು ಇನಾಡಾ ಎಂಬವರು 85ರ ಪ್ರಾಯದಲ್ಲಿ ಹವಾಯಿಯಲ್ಲಿ ಇದರ ಇಮ್ಮಡಿ ದೂರವನ್ನು ಮುಗಿಸಿದ್ದಾರೆ. ನಮ್ಮವರೆಲ್ಲ ಹಾಗೆ ಮಾಡಬೇಕೆಂದಲ್ಲ, ಇದು ಅಗ್ಗದ ಆಟವೂ ಅಲ್ಲ. ಆದರೆ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮುಂದಿನ ಕ್ರೀಡಾಕೂಟದಲ್ಲಿ ಐವತ್ತು ಮೀರಿದ ಮಹಿಳೆಯರಿಗೂ ಪುರುಷರಿಗೂ ಮೂರು ಕಿಲೋಮೀಟರಿನ ನಡಿಗೆ-ಓಟವೊಂದನ್ನು ಇಡಿ, ಸಮಯ ಬರೆದುಕೊಳ್ಳಿ. ತಿಂಗಳ ಮೊದಲು ಸಕ್ಕರೆ, ರಕ್ತದೊತ್ತಡ, ಹೃದಯದ ತಪಾಸಣೆ ಏರ್ಪಡಿಸಿ. ಮರುವರ್ಷ ಅದೇ ಸಮಯವನ್ನು ಹೋಲಿಸಿ ನೋಡಲಿ. ಬೇರೆಯವರನ್ನು ಸೋಲಿಸುವ ಪ್ರಾಯ ನಮ್ಮದು ಕಳೆದಿರಬಹುದು, ಕಳೆದ ವರ್ಷದ ನಮ್ಮನ್ನು ಸೋಲಿಸುವ ಪ್ರಾಯ ಕಳೆದಿಲ್ಲ.

ಲಿಂಬೆ-ಚಮಚ ಓಟವೂ ಇರಲಿ. ಅದರಲ್ಲೂ ನಾನು ಇದುವರೆಗೆ ಗೆದ್ದಿಲ್ಲ.