ಕಲೆಯ ಇತಿಹಾಸವೂ ಬಳ್ಳಾರಿಯ ವಿದ್ಯಾರ್ಥಿಯೂ

2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದಂದಿನಿಂದ, ಹಂಪೆಯೊಡನೆ ನಮ್ಮ ಶಿಲ್ಪಸಂಪತ್ತೆಲ್ಲವೂ ಹೊರಟುಹೋಯಿತೆಂದು ಬಳ್ಳಾರಿಯ ವಿದ್ಯಾವಂತರಲ್ಲಿ ಕೆಲವರು ಹಲುಬುವುದುಂಟು. ಈ ಹಲುಬಾಟದಲ್ಲಿ ಅಭಿಮಾನವೆಷ್ಟಿದೆಯೋ ಅಜ್ಞಾನವೂ ಅಷ್ಟೇ ಇದೆ.

1896ರಲ್ಲಿ ಅಲೆಗ್ಸಾಂಡರ್ ರೀ ಎಂಬ ಅಧಿಕಾರಿಯು ಮದರಾಸಿನಲ್ಲಿ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ಗ್ರಂಥವನ್ನು ಹೊರಡಿಸಿದಾಗ, ಅದಕ್ಕೆ ಆಧಾರವಾದುವು ಅಂದಿನ ಬಳ್ಳಾರಿ ಜಿಲ್ಲೆಯ ಗುಡಿಗಳೇ. ಬಾಗಳಿ, ಕುರುವತ್ತಿ, ಹೂವಿನಹಡಗಲಿಗಳು ಇಂದು ನೆರೆಯ ಜಿಲ್ಲೆಯ ಪಾಲಾಗಿರುವುದು ನಿಜ. ಆದರೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾದ ಸಿಂದರ ರಾಜಧಾನಿ ಕುರುಗೋಡು ನಮ್ಮಲ್ಲಿಯೇ ಉಳಿದಿದೆ. ಸಿರುಗುಪ್ಪೆಯ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳ ಬಂಡೆಗಳಲ್ಲಿ ಅಶೋಕನ ಹೆಸರೇ ಕೆತ್ತಲ್ಪಟ್ಟಿದೆ. ಉಳಿಯ ಗುರುತಿಗೆ ಕಾಲವನ್ನು ಗೊತ್ತುಪಡಿಸಲು ಇದಕ್ಕಿಂತ ಗಟ್ಟಿಯಾದ ಆಧಾರ ಎಲ್ಲಿ ದೊರೆತೀತು? ನಗರದ ಮಗ್ಗುಲಲ್ಲಿಯೇ ಇರುವ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಗೂಳಿಗಳನ್ನು ಕುಟ್ಟಿ ಮೂಡಿಸಿದ್ದಾರೆ.

ಆ ಗೂಳಿಗಳಿಗೂ ಕುರುಗೋಡಿನ ಏಕಶಿಲೆಯ ದೊಡ್ಡಬಸವನಿಗೂ ನಂಟು ಕಲ್ಪಿಸುವುದು ಭಾಷಣಕಾರನಿಗೆ ಸುಲಭ. ನಡುವಣ ಸಾವಿರಾರು ವರ್ಷಗಳ ಬರಿದನ್ನು ಪ್ರಮಾಣಗಳಿಂದ ತುಂಬಲಾದೀತೆ, ತುಂಬಲಾಗದಿದ್ದರೆ ಎಲ್ಲಿ ನಿಲ್ಲಬೇಕು ಎಂದು ವಿಚಾರಿಸುವುದೇ ಪದವಿಯ ಮೇಲಣ ಕಲೇತಿಹಾಸದ ವ್ಯಾಸಂಗ. ಅರಸರ ಪಟ್ಟಿಯನ್ನು ಉರುಹೊಡೆಯುವುದರಿಂದ ಇದು ಸಾಗದು. ಬಾಗಿಲುವಾಡದ ಶಾಖೆಗಳನ್ನೆಣಿಸಬೇಕು, ಕಂಬದ ಕಡೆತವನ್ನು ಅಳೆಯಬೇಕು, ಮೂಲದ ಕೆಲಸವಾವುದು, ಜೀರ್ಣೋದ್ಧಾರದ ತೇಪೆಯಾವುದು ಎಂಬುದನ್ನು ಶಾಸನದೊಡನೆ ತಾಳೆ ನೋಡಬೇಕು.

ಈ ಕೆಲಸವನ್ನು ಇದುವರೆಗೆ ಹೆಚ್ಚಾಗಿ ಮಾಡಿದವರು ಹೊರಗಿನ ವಿದ್ಯಾಪೀಠದವರು. ಬಳ್ಳಾರಿಯ ಶಿಲಾಯುಗವನ್ನು ಕುರಿತು ಬಿ. ಸುಬ್ಬರಾವ್ ಅವರು ಬರೆದ ಮಹಾಪ್ರಬಂಧವು 1948ರಲ್ಲಿ ಪ್ರಕಟವಾದುದು ಪುಣೆಯ ಡೆಕ್ಕನ್ ಕಾಲೇಜಿನಿಂದ. ಸಿರುಗುಪ್ಪೆಯ ಬಳಿಯ ತೆಕ್ಕಲಕೋಟೆಯ ಉತ್ಖನನವನ್ನು ಕುರಿತ ಎಂ. ಎಸ್. ನಾಗರಾಜರಾವ್, ಕೆ. ಸಿ. ಮಲ್ಹೋತ್ರ ಇವರ ಗ್ರಂಥವೂ 1965ರಲ್ಲಿ ಅಲ್ಲಿಂದಲೇ ಬಂದಿತು. ಆ ವಿದ್ವಾಂಸರಿಗೆ ನಾವು ಋಣಿಗಳು. ಆದರೆ ನಮ್ಮ ಮಕ್ಕಳು ತಮ್ಮೂರಿನ ಕಲ್ಲನ್ನು ಓದಲು ಕಲಿಯುವುದಕ್ಕೆ ಪುಣೆಗೋ ಬರೋಡೆಗೋ ಗಂಟುಮೂಟೆ ಕಟ್ಟಬೇಕಾದುದು ಯಾರಿಗೆ ಶೋಭೆ? ಸ್ಥಿತಿವಂತನ ಮಗನು ಹೋದಾನು. ಕುರುಗೋಡಿನ ರೈತನ ಮಗಳು ಏನು ಮಾಡಬೇಕು?

ಕಾಲವಾದರೂ ಕಾಯುವುದಿಲ್ಲ. ಕಪ್ಪಗಲ್ಲಿನ ಬೆಟ್ಟದಲ್ಲಿ ಕಲ್ಲುಗಣಿಗಾರಿಕೆಯಿಂದ ಚಿತ್ರಗಳು ನಾಶವಾದುದನ್ನು 2004ರಲ್ಲಿ ವಿದೇಶದ ಸಂಶೋಧಕರೇ ಜಗತ್ತಿಗೆ ಸಾರಬೇಕಾಯಿತು. ಒಡೆದುಹೋದ ಬಂಡೆಯ ಚಿತ್ರವನ್ನು ಯಾರೂ ಬರೆದಿಟ್ಟಿರದಿದ್ದರೆ, ಅದು ಇತ್ತೆಂಬುದಕ್ಕೆ ಸಾಕ್ಷಿಯೇ ಇಲ್ಲ.

2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ನಮ್ಮ ನಗರದಲ್ಲಿಯೇ ಇದೆ. ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಲಾ ಒಂದು ಗುಡಿಯನ್ನೋ ಬಂಡೆಯನ್ನೋ ಗೊತ್ತುಮಾಡಿ, ಅಳತೆಯ ನಕ್ಷೆ, ಛಾಯಾಚಿತ್ರ, ವಿವರಣೆಗಳನ್ನು ಕನ್ನಡದಲ್ಲಿ ಬರೆಯಿಸಿ, ಅದರ ಒಂದೊಂದು ಪ್ರತಿಯನ್ನು ನಗರದ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಇರಿಸುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಕುರುಗೋಡಿಗೆ ಬಸ್ಸುಗಳಿವೆ, ಅಳತೆಯ ಪಟ್ಟಿಯೊಂದನ್ನು ಕೊಳ್ಳಬೇಕು, ಅಷ್ಟೆ.